ನಾಣ್ಯಗಳಲ್ಲಿ ಟಂಕಸಾಲೆಯ ದೋಷ ಮತ್ತು ಅನಂತರದ ಘಾತ

ನಾಣ್ಯವು ಶಾಸನದಂತೆಯೇ ಇತಿಹಾಸಕಾರನಿಗೆ ಒಂದು ಆಧಾರ. ಆದರೆ ಶಾಸನದ ಕಲ್ಲಿನ ಮೇಲಿರುವ ಪ್ರತಿಯೊಂದು ಗೀರೂ ಲಿಪಿಕಾರನದಲ್ಲವೆಂಬಂತೆ, ನಾಣ್ಯದ ಮೇಲಿನ ಪ್ರತಿಯೊಂದು ವೈಪರೀತ್ಯವೂ ಟಂಕಸಾಲೆಯದಲ್ಲ. ಟಂಕಸಾಲೆಯಲ್ಲಿ ಸಂಭವಿಸಿದ ದೋಷವು ಅಂದಿನ ಯಂತ್ರಕ್ಕೂ ಕಾರ್ಯಕ್ರಮಕ್ಕೂ ಸಾಕ್ಷಿ. ಅಲ್ಲಿಂದ ಹೊರಬಂದ ಮೇಲೆ ತಗುಲಿದ ಘಾತವು ನಾಣ್ಯದ ಮುಂದಿನ ಜೀವನಕ್ಕೆ ಸಾಕ್ಷಿ. ಒಂದನ್ನು ಮತ್ತೊಂದೆಂದು ಭಾವಿಸಿದರೆ ಸಂಗ್ರಾಹಕನಿಗೆ ಧನನಷ್ಟ, ಇತಿಹಾಸಕಾರನಿಗೆ ಸುಳ್ಳುಸಾಕ್ಷ್ಯ.

ಈ ವಿವೇಚನೆ ಅಮೆರಿಕದಲ್ಲಿ ವಿಶೇಷವಾಗಿ ಬೆಳೆದಿದೆ. ವಿಲಿಯಂ ಷೆಲ್ಡನ್ 1949ರಲ್ಲಿ ಹಳೆಯ ದೊಡ್ಡ ಸೆಂಟುಗಳಿಗಾಗಿ ರೂಪಿಸಿದ 1ರಿಂದ 70ರವರೆಗಿನ ಅಂಕಕ್ರಮವೇ ಇಂದಿನ ದರ್ಜೆಗಳಿಗೆ ಮೂಲ. 1986 ಮತ್ತು 1987ರಲ್ಲಿ ಅಲ್ಲಿ ಸ್ಥಾಪಿತವಾದ ಎರಡು ಪ್ರಮುಖ ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, ದರ್ಜೆ ನಿಗದಿಮಾಡಿ, ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಕೊಡುತ್ತವೆ. ಟಂಕಸಾಲೆಯ ದೋಷವುಳ್ಳ ನಾಣ್ಯಕ್ಕೆ ಆ ದೋಷದ ಹೆಸರಿನೊಡನೆ ಅಂಕವೂ ದೊರೆಯುತ್ತದೆ. ಘಾತಕ್ಕೊಳಗಾದುದಕ್ಕೆ ಸಾಮಾನ್ಯವಾಗಿ ಅಂಕ ದೊರೆಯದು.

ಯಂತ್ರದಿಂದ ನಾಣ್ಯ ತಯಾರಾಗುವ ಕ್ರಮ ಹೀಗಿದೆ: ಲೋಹದ ಪಟ್ಟಿಯಿಂದ ಬಿಲ್ಲೆಗಳನ್ನು ಕತ್ತರಿಸಿ, ಅವುಗಳ ಅಂಚನ್ನು ಎತ್ತರಿಸಿ, ಬಳೆಯೊಂದರೊಳಗೆ ಇರಿಸಿ, ಎರಡು ಅಚ್ಚುಗಳ ನಡುವೆ ಒತ್ತುತ್ತಾರೆ. ಆದುದರಿಂದ ದೋಷಕ್ಕೆ ಮೂರೇ ಸ್ಥಾನಗಳು: ಬಿಲ್ಲೆ, ಅಚ್ಚು, ಒತ್ತು. ಕಂಡ ವೈಪರೀತ್ಯವನ್ನು ಇವುಗಳಲ್ಲಿ ಯಾವುದು ಉಂಟುಮಾಡಬಲ್ಲದೆಂದು ಕೇಳುವುದೇ ಪರೀಕ್ಷೆಯ ಮೊದಲ ಹೆಜ್ಜೆ. ಉತ್ತರ ದೊರೆಯದಿದ್ದರೆ ಅದು ಘಾತವೆಂದೇ ತಿಳಿಯತಕ್ಕದ್ದು.

ಬಿಲ್ಲೆಯನ್ನು ಕತ್ತರಿಸುವಾಗ ಪಟ್ಟಿಯ ಹಳೆಯ ರಂಧ್ರದ ಮೇಲೆ ಕತ್ತರಿ ಬಿದ್ದರೆ ನಾಣ್ಯದ ಒಂದು ಭಾಗ ಬಾಲಚಂದ್ರಾಕಾರವಾಗಿ ಕೊರೆಯಾಗುತ್ತದೆ. ಅಂಚು ಎತ್ತರಿಸುವಾಗ ಕೊರೆಯಾದ ಕಡೆ ಒತ್ತಡವಿಲ್ಲದ ಕಾರಣ, ಅದಕ್ಕೆ ನೇರ ಎದುರಿನ ಅಂಚೂ ಹಲವು ವೇಳೆ ಮಸುಕಾಗುತ್ತದೆ. ಆಮೇಲೆ ಯಾರೋ ಕತ್ತರಿಸಿದ ನಾಣ್ಯದಲ್ಲಾದರೋ ಎದುರಿನ ಅಂಚು ಪೂರ್ಣವಾಗಿರುತ್ತದೆ; ಕತ್ತರಿಸಿದೆಡೆಯ ಅಕ್ಷರ ಥಟ್ಟನೆ ತುಂಡಾಗಿರುತ್ತದೆ.

ಅಚ್ಚಿನ ವಿಷಯದಲ್ಲಿ ಒಂದು ಸೂತ್ರ ಉಪಯುಕ್ತ. ಅಚ್ಚಿನ ಮೇಲಿನ ಗೀರು ನಾಣ್ಯದ ಮೇಲೆ ಉಬ್ಬುಗೆರೆಯಾಗಿ ಮೂಡುತ್ತದೆ; ನಾಣ್ಯಕ್ಕೇ ಬಿದ್ದ ಗೀರು ತಗ್ಗಾಗಿದ್ದು, ಪಕ್ಕಕ್ಕೆ ಸರಿದ ಲೋಹದ ದಡವನ್ನು ಹೊಂದಿರುತ್ತದೆ. 1937ರಲ್ಲಿ ಡೆನ್ವರಿನಲ್ಲಿ ಅಚ್ಚೊಂದನ್ನು ಅತಿಯಾಗಿ ಉಜ್ಜಿದುದರಿಂದ ಐದು ಸೆಂಟಿನ ನಾಣ್ಯದ ಕಾಡೆಮ್ಮೆ ಮೂರುಕಾಲಿನದಾಯಿತು. ಸಾಮಾನ್ಯ ನಾಣ್ಯದ ಕಾಲನ್ನು ಅರದಿಂದ ತೇಯ್ದು ಇದನ್ನು ಅನುಕರಿಸಿದವರುಂಟು. ಆದರೆ ನಿಜವಾದುದರಲ್ಲಿ ಹೊಟ್ಟೆಯ ಕೆಳಗೆ ಉಬ್ಬಿದ ಚುಕ್ಕೆಗಳ ಸಾಲು ಇದೆ. ಅರವು ಲೋಹವನ್ನು ತೆಗೆಯಬಲ್ಲುದೇ ಹೊರತು ಉಬ್ಬಿಸಲಾರದು. ಹಾಗೆಯೇ 1955ರ ಪ್ರಸಿದ್ಧ ಜೋಡಿಯಚ್ಚಿನ ಸೆಂಟಿನಲ್ಲಿ ಇಸವಿಯೂ ಅಕ್ಷರಗಳೂ ಎರಡೆರಡಾಗಿ, ಎರಡೂ ಪೂರ್ಣ ದುಂಡಗೆ ಎದ್ದು ನಿಂತಿವೆ. ಒತ್ತುವಾಗ ಅಚ್ಚು ಅಲುಗಿದುದರಿಂದ ಆಗುವ ಇಮ್ಮಡಿಯಾದರೋ ಚಪ್ಪಟೆಯಾದ ಮೆಟ್ಟಿಲಿನಂತಿದ್ದು, ಅಕ್ಷರವನ್ನು ಕೃಶಗೊಳಿಸುತ್ತದೆ. ಅದಕ್ಕೆ ಅಷ್ಟು ಬೆಲೆಯಿಲ್ಲ.

ತೂಕವೂ ನಿರ್ಣಾಯಕ. 1943ರ ಸೆಂಟುಗಳು ಸತುವು ಲೇಪಿಸಿದ ಉಕ್ಕಿನವು. ತೂಕ ಸುಮಾರು 2.7 ಗ್ರಾಂ. ಪ್ರಮಾದದಿಂದ ತಾಮ್ರಮಿಶ್ರ ಬಿಲ್ಲೆಯ ಮೇಲೆ ಒತ್ತಿದ ಕೆಲವೇ ನಾಣ್ಯಗಳು 3.11 ಗ್ರಾಂ ತೂಗುತ್ತವೆ. ಉಕ್ಕಿಗೆ ತಾಮ್ರ ಲೇಪಿಸಿದ ನಕಲನ್ನು ಅಯಸ್ಕಾಂತ ಕೂಡಲೇ ಬಯಲುಮಾಡುತ್ತದೆ.

ಈ ನಿಯಮಗಳನ್ನು ನಮ್ಮ ಹಳೆಯ ನಾಣ್ಯಗಳಿಗೆ ಹಾಗೆಯೇ ಅನ್ವಯಿಸಲಾಗದು. ಟಿಪ್ಪುಸುಲ್ತಾನನ ಆನೆಯ ಮುದ್ರೆಯ ತಾಮ್ರದ ಕಾಸುಗಳು ಕೈಯಿಂದ ಒತ್ತಿದವು. ಅವುಗಳಲ್ಲಿ ಚಿತ್ರವು ಬದಿಗೆ ಸರಿದಿರುವುದು ದೋಷವಲ್ಲ, ಆ ವಿಧಾನದ ಸಹಜ ಲಕ್ಷಣ. ಮೊಗಲರ ರೂಪಾಯಿಗಳ ಮೇಲೆ ಚಿನಿವಾರರು ಒತ್ತಿದ ಪುಟ್ಟ ಗುರುತುಗಳು ದರ್ಜೆಯ ದೃಷ್ಟಿಯಿಂದ ಘಾತವೇ ಆದರೂ, ಆ ನಾಣ್ಯವು ಪರೀಕ್ಷೆಗೊಳಗಾಗಿ ಕೈಯಿಂದ ಕೈಗೆ ನಡೆದುದಕ್ಕೆ ಅವೇ ಆಧಾರ. ಅಂಕವು ನಾಣ್ಯದ ಬೆಲೆಯನ್ನು ತಿಳಿಸೀತು. ಗುರುತು ಯಾವಾಗ, ಹೇಗೆ ಬಿದ್ದಿತೆಂಬ ವಿಚಾರಣೆಯೇ ಅದರ ಚರಿತ್ರೆಯನ್ನು ತಿಳಿಸುತ್ತದೆ.