ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಬಿಳಿ ಗೆರೆಗಳೇಕೆ?

ಪ್ರಶ್ನೆ: ಎರಡು ತಿಂಗಳು ಬಳಸದೆ ಇಟ್ಟಿದ್ದ ಪ್ರಿಂಟರ್‌ನಲ್ಲಿ ಈಗ ಅಕ್ಷರಗಳ ನಡುವೆ ಬಿಳಿ ಗೆರೆ ಬರುತ್ತಿದೆ. ಶಾಯಿ ಇನ್ನೂ ಅರ್ಧದಷ್ಟಿದೆ. ಏನು ಮಾಡಲಿ?

ಉತ್ತರ: ಶಾಯಿ ಮುಗಿದಿಲ್ಲ, ಅದರ ದಾರಿ ಕಟ್ಟಿಕೊಂಡಿದೆ. ಶಾಯಿ ಚಿಮ್ಮುವ ನಳಿಕೆಯ ಬಾಯಿ ತಲೆಗೂದಲಿಗಿಂತಲೂ ಸಣ್ಣದು. ಶಾಯಿಯ ಹೆಚ್ಚಿನ ಪಾಲು ನೀರೇ ಆದ್ದರಿಂದ, ಬಹಳ ದಿನ ಸುಮ್ಮನಿದ್ದರೆ ನೀರು ಆರಿ, ಉಳಿದ ಬಣ್ಣ ಅಲ್ಲೇ ಗಟ್ಟಿಯಾಗುತ್ತದೆ.

ಮೊದಲು ಪ್ರಿಂಟರ್‌ನ ಮೆನುವಿನಲ್ಲಿ 'ನಾಝಲ್ ಚೆಕ್' ಮಾಡಿ. ಯಾವ ಬಣ್ಣದ ಗೆರೆ ತುಂಡಾಗಿದೆ ಎಂದು ತಿಳಿಯುತ್ತದೆ. ಆಮೇಲೆ 'ಹೆಡ್ ಕ್ಲೀನಿಂಗ್' ಮಾಡಿ. ಎರಡು ಮೂರು ಸಲಕ್ಕೆ ಸರಿಹೋಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ. ಅಷ್ಟರಲ್ಲಿ ಹೊಸ ಶಾಯಿ ಒಣಗಿದ್ದನ್ನು ನೆನೆಸಿ ಸಡಿಲಿಸಬಹುದು. ಮೇಲಿಂದ ಮೇಲೆ ಕ್ಲೀನಿಂಗ್ ಮಾಡಿದರೆ ಶಾಯಿ ವ್ಯರ್ಥ. ಅದನ್ನು ಹೀರುವ ಒಳಗಿನ ಪ್ಯಾಡ್ ಕೂಡ ಬೇಗ ತುಂಬುತ್ತದೆ.

ಕೆಲವು ಮಾದರಿಗಳಲ್ಲಿ ನಳಿಕೆಗಳು ಕಾರ್ಟ್ರಿಜ್‌ನಲ್ಲೇ ಇರುತ್ತವೆ. ಅಂಥದ್ದಾದರೆ ಕಾರ್ಟ್ರಿಜ್ ಹೊರತೆಗೆದು, ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಹಿಂಡಿದ, ನೂಲು ಬಿಡದ ಬಟ್ಟೆಯ ಮೇಲೆ ನಳಿಕೆಯ ಭಾಗವನ್ನು ಮೆಲ್ಲಗೆ ಒತ್ತಿ. ಉಜ್ಜಬೇಡಿ. ಬೋರ್‌ವೆಲ್ ನೀರು ಬೇಡ, ಅದರ ಲವಣವೇ ಅಲ್ಲಿ ಕೂರುತ್ತದೆ. ಸೂಜಿಯನ್ನಂತೂ ಚುಚ್ಚಲೇಬೇಡಿ.

ಮುಂದೆ ವಾರಕ್ಕೊಮ್ಮೆ ಎಲ್ಲ ಬಣ್ಣವಿರುವ ಒಂದು ಪುಟ ಮುದ್ರಿಸಿ. ಪ್ರಿಂಟರನ್ನು ಅದರದೇ ಬಟನ್‌ನಿಂದ ಆರಿಸಿ. ಆಗ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಳದಡಿ ಕೂರುತ್ತದೆ. ಗೋಡೆಯ ಸ್ವಿಚ್ ಮೊದಲೇ ತೆಗೆದರೆ ನಳಿಕೆ ತೆರೆದೇ ಉಳಿದು ಒಣಗಬಹುದು.