ಕಾಲಿನ ಬಲ ತಲೆಯಲ್ಲಿದೆ: ಲಾಖ ಬೇಳೆ ಕಲಿಸುವ ಪಾಠ

ಹೋಟೆಲಿನ ಉದ್ಯೋಗವು ಕಾಲಿನ ಉದ್ಯೋಗ. ಬೆಳಗಿನ ಜಾವ ಒಲೆ ಹಚ್ಚಿದಲ್ಲಿಂದ ರಾತ್ರಿ ಮೇಜು ಒರೆಸುವವರೆಗೆ ನಿಂತೇ ದುಡಿಯಬೇಕು. ಆದರೂ ಒಂದು ಹೆಜ್ಜೆ ಇಡುವಾಗ ಅದನ್ನು ಇಡಿಸುವವರು ಯಾರೆಂದು ನಾವು ಯೋಚಿಸುವುದಿಲ್ಲ. ಕಾಲಿನ ಬಲವು ಕಾಲಿನಲ್ಲಿಯೇ ಇದೆಯೆಂದು ನಂಬಿರುತ್ತೇವೆ. ಅದು ಹಾಗಲ್ಲವೆಂಬುದಕ್ಕೆ ನಾಗಪುರದ ಸುತ್ತಣ ಸೀಮೆಯಲ್ಲಿ ಬೆಳೆಯುವ ಒಂದು ಬೇಳೆಯೇ ಸಾಕ್ಷಿ. ಅದರ ಕಥೆಯನ್ನು ಅಡಿಗೆಮನೆಯವರೂ, ಗಲ್ಲೆಯಲ್ಲಿ ಕುಳಿತವರೂ, ಮೆಸ್ಸಿನಲ್ಲಿ ಉಣ್ಣುವ ಗುಮಾಸ್ತರೂ ತಿಳಿದಿರುವುದು ಒಳ್ಳೆಯದು.

ಅಪ್ಪಣೆ ಇಳಿಯುವ ದಾರಿ

ಮಿದುಳಿನ ಹೊರಪದರದಲ್ಲಿ, ನಡುನೆತ್ತಿಯಿಂದ ಎರಡು ಕಿವಿಗಳ ಕಡೆಗೆ ಇಳಿಯುವ ಒಂದು ಪಟ್ಟಿಯುಂಟು. ಶರೀರದ ಚಲನೆಗೆ ಅಪ್ಪಣೆ ಹೊರಡುವ ಸ್ಥಳಗಳಲ್ಲಿ ಇದು ಮುಖ್ಯವಾದುದು. ೧೮೭೦ರಲ್ಲಿ ಫ್ರಿಟ್ಷ್ ಮತ್ತು ಹಿಟ್ಸಿಗ್ ಎಂಬ ಇಬ್ಬರು ಜರ್ಮನ್ ವೈದ್ಯರು ನಾಯಿಯ ಮಿದುಳಿಗೆ ಸ್ವಲ್ಪ ವಿದ್ಯುತ್ತನ್ನು ಮುಟ್ಟಿಸಿ, ಎದುರು ಪಕ್ಕದ ಕಾಲು ಅಲುಗುವುದನ್ನು ತೋರಿಸಿದರು. ಮನುಷ್ಯನಲ್ಲಿ ಕಾಲಿನ ಪಾಲು ನೆತ್ತಿಯ ನಡುವೆ ಇದೆ. ಕೈ, ಮುಖ, ನಾಲಗೆಗಳ ಪಾಲು ಅದರ ಕೆಳಗೆ, ಪಕ್ಕಗಳಲ್ಲಿ. ಅಲ್ಲಿಯ ನರಕೋಶಗಳಿಂದ ಹೊರಟ ಎಳೆಗಳು ಮಿದುಳಿನ ಬುಡದಲ್ಲಿ ಬಹುಮಟ್ಟಿಗೆ ಅಡ್ಡಹಾಯುತ್ತವೆ. ಆದುದರಿಂದಲೇ ಎಡಮಿದುಳು ಬಲಗಾಲನ್ನೂ ಬಲಮಿದುಳು ಎಡಗಾಲನ್ನೂ ಆಳುತ್ತದೆ. ಎಳೆಗಳು ಬೆನ್ನುಹುರಿಯೊಳಗೆ ಇಳಿದು ಎರಡನೆಯ ಕೋಶಕ್ಕೆ ಸುದ್ದಿ ಮುಟ್ಟಿಸುತ್ತವೆ. ಆ ಕೋಶದ ಎಳೆಯೇ ಸ್ನಾಯುವನ್ನು ತಲುಪುವುದು.

ಪ್ರತಿಯೊಂದಕ್ಕೂ ನೆತ್ತಿಯ ಅಪ್ಪಣೆ ಬೇಕೆಂದಲ್ಲ. ಕಾದ ಕಾವಲಿಗೆ ಬೆರಳು ತಗುಲಿದರೆ, ಸುಟ್ಟಿತೆಂದು ಮನಸ್ಸಿಗೆ ತಿಳಿಯುವ ಮೊದಲೇ ಬೆನ್ನುಹುರಿಯು ಕೈಯನ್ನು ಹಿಂದಕ್ಕೆ ಎಳೆದಿರುತ್ತದೆ. ಒಂದೇ ಕೈಯಲ್ಲಿ ನಾಲ್ಕು ಲೋಟ ಹಿಡಿದ ಸಪ್ಲಾಯರನು ಜನರ ನಡುವೆ ನುಸುಳುವಾಗ, ಕಾಫಿ ತುಳುಕದಂತೆ ಹದ ನೋಡುವುದು ಹಿಂದಲೆಯ ಕೆಳಗಿರುವ ಕಿರುಮಿದುಳು. ಮಿದುಳಿನಿಂದ ಇಳಿಯುವ ಎಳೆಗಳು ಕೆಳಗಿನ ಕೋಶಗಳಿಗೆ ಕೆಲಸ ಹೇಳುವುದಷ್ಟೇ ಅಲ್ಲ, ಅವನ್ನು ಹದ್ದುಬಸ್ತಿನಲ್ಲಿಯೂ ಇಡುತ್ತವೆ. ಮುಂದಿನ ಮಾತಿಗೆ ಇದನ್ನು ನೆನಪಿಡತಕ್ಕದ್ದು.

ಬರಗಾಲದ ಕಾಳು

ಭಂಡಾರಾ, ಗೋಂದಿಯಾ, ಗಡಚಿರೋಲಿ ಕಡೆಯ ರೈತರು ಭತ್ತದ ಗದ್ದೆಯ ಹಸಿ ಆರುವ ಮೊದಲೇ ಎರಚುವ ಕಾಳು ಲಾಖ ಅಥವಾ ಲಾಖೋಳಿ. ಹಿಂದಿಯಲ್ಲಿ ಇದು ಖೇಸಾರಿ, ಕನ್ನಡದಲ್ಲಿ ಕೇಸರಿ ಬೇಳೆ; ಕೇಸರಿಬಾತಿನ ಕೇಸರಿಗೂ ಇದಕ್ಕೂ ಸಂಬಂಧವಿಲ್ಲ. ಮಳೆ ತಪ್ಪಿದರೂ, ನೀರು ನಿಂತರೂ ಇದು ಸಾಯುವುದಿಲ್ಲ. ಬೇರೆಲ್ಲ ಬೆಳೆ ಕೆಟ್ಟಾಗ ಇದೊಂದೇ ಉಳಿಯುವುದರಿಂದಲೇ ಆಪತ್ತು.

ಮಧ್ಯಪ್ರದೇಶದ ಸಾಗರ ಸೀಮೆಯಲ್ಲಿ ೧೮೨೯ರಲ್ಲಿ ಆಲಿಕಲ್ಲಿನಿಂದ, ೧೮೩೦ರಲ್ಲಿ ಮಳೆಯಿಲ್ಲದೆ, ೧೮೩೧ರಲ್ಲಿ ಬೆಳೆರೋಗದಿಂದ ಗೋಧಿ ಹಾಳಾಯಿತು. ಜನರು ಈ ಕಾಳಿನಿಂದಲೇ ಜೀವ ಹಿಡಿದರು. ೧೮೩೩ರಿಂದ ಮೂವತ್ತರ ಒಳಗಿನವರು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಳ್ಳತೊಡಗಿದರೆಂದು ಸ್ಲೀಮನ್ ಎಂಬ ಅಧಿಕಾರಿಯು ೧೮೪೪ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಮುಂದೆಯೂ ರೀವಾ ಮೊದಲಾದ ಕಡೆ ಜಮೀನುದಾರರು ಆಳುಗಳಿಗೆ ಕೂಲಿಯಾಗಿ ಇದನ್ನೇ ಅಳೆಯುತ್ತಿದ್ದರು; ಹೊಲ ಉತ್ತವನ ಕಾಲೇ ಹೋಯಿತು. ೧೯೪೨-೪೩ರಲ್ಲಿ ಉಕ್ರೇನಿನ ವಾಪ್ನಿಯಾರ್ಕಾ ಸೆರೆಶಿಬಿರದಲ್ಲಿ ಯೆಹೂದಿ ಬಂದಿಗಳಿಗೆ ಈ ಕಾಳನ್ನೇ ಉಣಿಸಿದಾಗ ಅವರಿಗೂ ಅದೇ ಗತಿಯಾಯಿತು.

ವೇಷಧಾರಿ ವಿಷ

ವಿಷದ ಗುರುತು ಹಿಡಿದ ಕೀರ್ತಿಯಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಮಂದಿರದ ಎಸ್. ಎಲ್. ಎನ್. ರಾವ್, ಪಿ. ಆರ್. ಅಡಿಗ, ಪಿ. ಎಸ್. ಶರ್ಮ ಇವರು ೧೯೬೪ರಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದರು. ಈಗ ಅದನ್ನು ಓಡಾಪ್ ಎನ್ನುತ್ತಾರೆ. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಗ್ಲುಟಮೇಟ್ ಎಂಬ ದ್ರವ್ಯವನ್ನು ಬಳಸುತ್ತವೆ. ಓಡಾಪ್ ಅದರ ವೇಷದಲ್ಲಿ ಬರುತ್ತದೆ. ಕೋಶವು ಬಿಡುವಿಲ್ಲದೆ ಕೆರಳಿ, ಬಳಲಿ, ಸಾಯುತ್ತದೆ.

ಮುಖ್ಯವಾಗಿ ಮಡಿಯುವುದು ಕಾಲಿಗೆ ಅಪ್ಪಣೆ ಕಳಿಸುವ ಮೇಲಿನ ಕೋಶಗಳು. ಬೆನ್ನುಹುರಿಯ ಕೋಶಗಳು ಬದುಕಿರುತ್ತವೆ, ಆದರೆ ಅವನ್ನು ಹದ್ದುಬಸ್ತಿನಲ್ಲಿಡುವವರಿಲ್ಲ. ಆದುದರಿಂದ ಕಾಲು ಜೋಲುಬೀಳದೆ ಮರದಂತೆ ಬಿಗಿಯುತ್ತದೆ. ತೊಡೆಗಳು ಕತ್ತರಿಯಂತೆ ಅಡ್ಡ ಬರುತ್ತವೆ. ರೋಗಿಯು ತುದಿಗಾಲಿನಲ್ಲಿ ನಡೆಯುತ್ತಾನೆ. ಮೊದಲು ಒಂದು ಕೋಲು, ಅನಂತರ ಎರಡು, ರೋಗ ಬಲಿತವನು ಕೈಯೂರಿ ತೆವಳಬೇಕು. ಬುದ್ಧಿಯೂ ಮಾತೂ ಕೆಡುವುದಿಲ್ಲ. ತನ್ನ ಮಾತನ್ನು ತನ್ನ ಕಾಲೇ ಕೇಳದಿರುವುದನ್ನು ಪೂರ್ಣ ಎಚ್ಚರದಲ್ಲಿ ನೋಡುತ್ತ ಬಾಳಬೇಕು. ಸತ್ತ ಕೋಶವನ್ನು ಎಬ್ಬಿಸುವ ಮದ್ದಿಲ್ಲ.

ನಮ್ಮ ಕರ್ತವ್ಯ

ಒಮ್ಮೆ ತಿಂದವನಿಗೆ ಭಯವಿಲ್ಲ. ಆಹಾರದ ಬಹುಭಾಗ ಇದೇ ಆಗಿ ಎರಡು ಮೂರು ತಿಂಗಳು ಕಳೆದರೆ ಅಪಾಯ. ಬಿಸಿನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಿದರೆ ವಿಷದ ಹೆಚ್ಚಿನ ಪಾಲು ಹೋಗುತ್ತದೆ. ಕೇಂದ್ರ ಸರಕಾರವು ೧೯೬೧ರಲ್ಲಿ ಇದರ ಮಾರಾಟವನ್ನು ನಿಷೇಧಿಸಿತು; ೨೦೧೧ರ ಆಹಾರ ಸುರಕ್ಷತಾ ನಿಯಮಗಳಲ್ಲಿಯೂ ನಿಷೇಧ ಮುಂದುವರಿಯಿತು. ಇದು ಬಡವನ ಬೇಳೆ, ನಿಷೇಧ ಕೂಡದೆಂದು ನಾಗಪುರದವರೇ ಆದ ಡಾ. ಶಾಂತಿಲಾಲ್ ಕೊಠಾರಿಯವರು ದೀರ್ಘಕಾಲ ಹೋರಾಡಿದರು. ವಿಷ ಕಡಿಮೆಯಿರುವ ರತನ, ಪ್ರತೀಕ ಮುಂತಾದ ತಳಿಗಳೂ ಬಂದಿವೆ.

ವಾದ ಏನೇ ಇರಲಿ, ತೊಗರಿಬೇಳೆಗೂ ಕಡಲೆಹಿಟ್ಟಿಗೂ ಇದನ್ನು ಬೆರಕೆ ಮಾಡುವುದು ಮೋಸವೇ ಸರಿ. ಒಂದು ಕಡೆ ಓರೆಯಾಗಿ ಇಳಿದು ಚೌಕದಂತೆ ಕಾಣುವ ಕಾಳು ಮೂಟೆಯಲ್ಲಿದ್ದರೆ ಅಂಗಡಿಯವನನ್ನು ಕೇಳತಕ್ಕದ್ದು. ನಾವೂ ಹೋಟೆಲು ನಡೆಸಿದವರಾದುದರಿಂದ ಬಲ್ಲೆವು: ತಿಂಗಳ ಕೊನೆಯಲ್ಲಿ ಮಾಲಿಕನ ಕಣ್ಣು ಅಗ್ಗದ ಬೇಳೆಯ ಕಡೆಗೆ ಹೋಗುತ್ತದೆ. ಗಿರಾಕಿ ಉಣ್ಣುವುದು ಒಂದು ಹೊತ್ತು. ಹೋಟೆಲಿನ ಹುಡುಗನು ವರ್ಷವಿಡೀ ಎರಡು ಹೊತ್ತೂ ಆ ಪಾತ್ರೆಯಿಂದಲೇ ಉಣ್ಣುತ್ತಾನೆ. ಊರಿನಲ್ಲಿರುವ ತಾಯಿ ತಂದೆಗಳಿಗೆ ಅವನು ಕಳಿಸುವ ಹಣವು ಅವನ ಕಾಲಿನಿಂದ ದುಡಿದದ್ದು. ಆದುದರಿಂದ ಗಿರಾಕಿಯ ಸಾಂಬಾರಿಗೆ ಹಾಕಿದ ಬೇಳೆಯನ್ನೇ ಹುಡುಗರ ಸಾರಿಗೂ ಹಾಕಬೇಕೆಂದು ನಮ್ಮ ಮಾಲಿಕ ಬಂಧುಗಳನ್ನು ಕೇಳಿಕೊಳ್ಳುತ್ತೇವೆ.