ಕನ್ನಡಿಯಿಲ್ಲದ ಕ್ಯಾಮೆರಾ, ಬೀರುವಿನ ಹಳೆಯ ಲೆನ್ಸು

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರ ಎಷ್ಟೋ ಮನೆಗಳಲ್ಲಿ, ಬೀರುವಿನ ಮೇಲಿನ ಅರೆಯಲ್ಲಿ, ಚರ್ಮದ ಚೀಲದೊಳಗೆ ಹಳೆಯ ಫಿಲ್ಮ್ ಕ್ಯಾಮೆರಾವೊಂದು ಮಲಗಿರುವುದುಂಟು. ಮನೆ ಬದಲಿಸುವಾಗ ಗುಜರಿಗೆ ಹೋಗುವ ಸಾಮಾನುಗಳಲ್ಲಿ ಅದೂ ಸೇರುತ್ತದೆ. ಅದೇ ಮನೆಯ ತರುಣರು ಮಿರರ್‌ಲೆಸ್ ಡಿಜಿಟಲ್ ಕ್ಯಾಮೆರಾ ಕೊಂಡು, ಇನ್ನೊಂದು ಲೆನ್ಸಿಗಾಗಿ ತಿಂಗಳ ಸಂಬಳವನ್ನೇ ಸುರಿಯಲು ಸಿದ್ಧರಾಗಿರುತ್ತಾರೆ. ಹಳೆಯ ಲೆನ್ಸಿಗೂ ಹೊಸ ಕ್ಯಾಮೆರಾಕ್ಕೂ ನಂಟು ಬೆಸೆಯಬಹುದೆಂಬುದು ಬಹುಮಂದಿಗೆ ತಿಳಿದಿರುವುದಿಲ್ಲ.

ಕನ್ನಡಿಯಿಲ್ಲದ ಕ್ಯಾಮೆರಾ ಈ ನಗರಕ್ಕೆ ಹೊಸತೇನಲ್ಲ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿ, ಸಿಕಂದರಾಬಾದಿನಲ್ಲಿ ಸ್ಟುಡಿಯೋ ನಡೆಸಿದ ರಾಜಾ ದೀನದಯಾಳರ (1844–1905) ಕಾಲದ ಪೆಟ್ಟಿಗೆ ಕ್ಯಾಮೆರಾಗಳಲ್ಲಿಯೂ ಕನ್ನಡಿ ಇರಲಿಲ್ಲ. ಕಪ್ಪು ಬಟ್ಟೆ ಹೊದ್ದು, ಹಿಂದಿನ ಮಸುಕು ಗಾಜಿನ ಮೇಲೆ ತಲೆಕೆಳಗಾಗಿ ಬೀಳುವ ಬಿಂಬವನ್ನು ನೋಡಿಯೇ ಚಿತ್ರ ತೆಗೆಯಬೇಕಾಗಿತ್ತು. ಆ ಬಿಂಬವನ್ನು ಕಣ್ಣಿಗೆ ನೆಟ್ಟಗೆ ತೋರಿಸಲೆಂದು ಎಸ್.ಎಲ್.ಆರ್. ಕ್ಯಾಮೆರಾಗಳಲ್ಲಿ ಲೆನ್ಸಿನ ಹಿಂದೆ ಓರೆಗನ್ನಡಿಯನ್ನಿಟ್ಟರು. ಕನ್ನಡಿ ಏಳಲು ಬೀಳಲು ಸ್ಥಳ ಬೇಕಷ್ಟೆ. ಆದುದರಿಂದ 1959ರಲ್ಲಿ ಬಂದ ನಿಕಾನ್ ಎಫ್ ಮಾದರಿಯಲ್ಲಿ ಲೆನ್ಸು ಕೂರುವ ಬಳೆಗೂ ಫಿಲ್ಮಿಗೂ 46.5 ಮಿಲಿಮೀಟರ್ ಅಂತರವಿರಿಸಿದರು. 2018ರ ನಿಕಾನ್ ಝಡ್ ಮಾದರಿಯಲ್ಲಿ ಕನ್ನಡಿ ಹೋಯಿತು, ಅಂತರ 16 ಮಿಲಿಮೀಟರಿಗೆ ಇಳಿಯಿತು.

ಉಳಿದ 30.5 ಮಿಲಿಮೀಟರನ್ನು ಒಂದು ಪೊಳ್ಳು ಲೋಹದ ಬಳೆಯಿಂದ ತುಂಬಿದರೆ ಹಳೆಯ ಲೆನ್ಸು ತನಗೆ ಬೇಕಾದ ದೂರದಲ್ಲಿಯೇ ನಿಲ್ಲುತ್ತದೆ. ಇದೇ ಅಡಾಪ್ಟರ್. ಇದರಲ್ಲಿ ಗಾಜಿಲ್ಲದ್ದರಿಂದ ಬಿಂಬ ಕೆಡುವುದಿಲ್ಲ. ಆದರೆ ಲೆನ್ಸಿನ ಮಾದರಿಗೂ ಕ್ಯಾಮೆರಾ ಮಾದರಿಗೂ ಹೊಂದುವ ಬಳೆಯನ್ನೇ ಕೇಳಿ ಪಡೆಯತಕ್ಕದ್ದು. ಸ್ವಯಂಚಾಲಿತ ಫೋಕಸ್ಸಿನ ಆಸೆ ಬೇಡ. ಕೈಯಿಂದಲೇ ಬಳೆ ತಿರುಗಿಸಬೇಕು. ಕ್ಯಾಮೆರಾದ ಮೆನುವಿನಲ್ಲಿ, ಲೆನ್ಸಿಲ್ಲದಿದ್ದರೂ ಚಿತ್ರ ತೆಗೆಯುವ ಅನುಮತಿಯನ್ನು ಒಮ್ಮೆ ಕೊಟ್ಟಿರಬೇಕಾಗಬಹುದು. ತೆರೆಯ ಮೇಲಿನ ಬಿಂಬವನ್ನು ಹಿಗ್ಗಿಸಿ ನೋಡುವ ಸೌಲಭ್ಯವಿರುವುದರಿಂದ, ಹಿಂದಿನವರಿಗಿಂತ ಈಗಿನವರ ಕೆಲಸ ಸುಲಭವೆಂದೇ ಹೇಳಬೇಕು.

ಹಳೆಯ ಕ್ಯಾಮೆರಾಗಳೊಂದಿಗೆ ಸಾಮಾನ್ಯವಾಗಿ ಬರುತ್ತಿದ್ದುದು 50 ಮಿ.ಮೀ. ಲೆನ್ಸು. ಫಿಲ್ಮಿನಷ್ಟೇ ದೊಡ್ಡ, ಅಂದರೆ 36×24 ಮಿ.ಮೀ. ಸೆನ್ಸರ್ ಇರುವ ಕ್ಯಾಮೆರಾದಲ್ಲಿ ಅದರ ನೋಟ ಹಾಗೆಯೇ ಉಳಿಯುತ್ತದೆ. ಒಂದೂವರೆ ಪಟ್ಟು ಚಿಕ್ಕ ಸೆನ್ಸರಿನಲ್ಲಿ ಅದೇ ಲೆನ್ಸು 75 ಮಿ.ಮೀ. ಲೆನ್ಸಿನಂತೆ ಕಿರಿದಾದ ನೋಟ ಕೊಡುತ್ತದೆ: ಅಜ್ಜಿಯ ಮುಖಕ್ಕೆ ಬಹಳ ಚೆನ್ನ, ಎಂಟು ಜನ ಕುಳಿತ ಹಬ್ಬದ ಪಂಕ್ತಿಗೆ ಇಕ್ಕಟ್ಟು. ಸಂಜೆಯ ಲಾಡ್ ಬಜಾರಿನಲ್ಲಿ ಬಳೆಯಂಗಡಿಗಳ ಬೆಳಕಿನಲ್ಲಿ ಮಾತ್ರ ಈ ಲೆನ್ಸಿನ ನಿಜವಾದ ಗುಣ ಕಾಣಿಸುತ್ತದೆ. ಅದರ ಎಫ್ 1.8 ರಂಧ್ರವು, ಸಾಧಾರಣ ಜೂಮ್ ಲೆನ್ಸಿನ ಎಫ್ 5.6 ರಂಧ್ರಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಬಿಡುತ್ತದೆ.

1591ರ ಚಾರ್‌ಮಿನಾರನ್ನು ಹತ್ತಿರದಿಂದಲೇ ಪೂರ್ತಿ ಹಿಡಿಯಲೆಂದು ಅತಿ ಅಗಲದ ಲೆನ್ಸು ಕೊಳ್ಳುವವರಿದ್ದಾರೆ. ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದೊಡನೆ ಮಿನಾರುಗಳು ಒಳಕ್ಕೆ ವಾಲಿದಂತೆ ಕಾಣುವುದು ಲೆನ್ಸಿನ ದೋಷವಲ್ಲ. ಗುಲ್ಜಾರ್ ಹೌಜಿನ ಕಡೆಗೆ ಹಿಂದೆ ಸರಿದು, ಕ್ಯಾಮೆರಾವನ್ನು ಮಟ್ಟವಾಗಿ ಹಿಡಿದರೆ ಮನೆಯ ಲೆನ್ಸೇ ಸಾಕಾದೀತು. ಅದಕ್ಕೆ ಕಾಸು ಖರ್ಚಿಲ್ಲ. ಜನಜಂಗುಳಿಯಲ್ಲಿ ತಾಳ್ಮೆಯೊಂದು ಬೇಕು.

ಹಳೆಯ ಲೆನ್ಸನ್ನು ಬಳಸುವ ಮೊದಲು ಪರೀಕ್ಷಿಸುವುದು ಅಗತ್ಯ. ರಂಧ್ರವನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬೆಳಕು ಬಿಟ್ಟು ಓರೆಯಾಗಿ ನೋಡಬೇಕು. ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಮಳೆಗಾಲದ ತೇವವನ್ನು ಹೀರಿ ಹಿಡಿದಿಡುವ ಚರ್ಮದ ಚೀಲವೇ ಇದಕ್ಕೆ ತವರು. ಅಂಚಿನಲ್ಲಿ ಅಲ್ಪಸ್ವಲ್ಪವಿದ್ದರೆ ಚಿತ್ರಕ್ಕೆ ಹೆಚ್ಚಿನ ಬಾಧೆಯಿಲ್ಲ; ದಟ್ಟವಾಗಿ ಹಬ್ಬಿದ್ದರೆ ನುರಿತವರಿಂದ ಬಿಚ್ಚಿಸಿ ಶುಚಿಗೊಳಿಸುವುದು ಲೇಸು. ಶುಚಿಯಾಗುವವರೆಗೆ ಹೊಸ ಲೆನ್ಸುಗಳ ಜೊತೆ ಅದನ್ನು ಇಡಬಾರದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟರೆ ಮಳೆಗಾಲ ಕಳೆಯುತ್ತದೆ.

ಕನ್ನಡಿಯಿಲ್ಲದಿರುವುದರಿಂದ ಒಂದು ಅಪಾಯವೂ ಉಂಟು. ಎಸ್.ಎಲ್.ಆರ್. ಕ್ಯಾಮೆರಾದಲ್ಲಿ ಕನ್ನಡಿ ಅಡ್ಡಲಾಗಿದ್ದು ಸೂರ್ಯನ ಬಿಂಬವನ್ನು ತಡೆಯುತ್ತಿತ್ತು; ಇಲ್ಲಿ ಅದು ನೇರವಾಗಿ ಶಟರಿನ ಅಥವಾ ಸೆನ್ಸರಿನ ಮೇಲೆ ಬೀಳುತ್ತದೆ. ಗೋಲ್ಕೊಂಡದ ಬಿಸಿಲಿನಲ್ಲಿ ಲೆನ್ಸನ್ನು ಸೂರ್ಯನತ್ತ ಮುಖಮಾಡಿ ಬಿಟ್ಟರೆ, ಭೂತಗನ್ನಡಿಯ ಕೆಳಗಿನ ಕಾಗದದಂತೆ ಒಳಭಾಗ ಸುಟ್ಟುಹೋಗಬಹುದು. ಚಿತ್ರ ತೆಗೆದೊಡನೆ ಮುಚ್ಚಳ ಹಾಕಬೇಕು. ಲೆನ್ಸು ಬದಲಿಸುವಾಗ ಕ್ಯಾಮೆರಾದ ಬಾಯಿ ನೆಲದ ಕಡೆಗಿದ್ದರೆ ಧೂಳು ಒಳಸೇರುವುದು ಕಡಿಮೆ.